ಹಿಂದಿನ ಸೀಟಿನಿಂದ ಕಂಡದ್ದು

"ಹಳೇ ಜಪಾನಿನಲ್ಲಿ ಚಂದ ಅಂದ್ರೆ ಹಿಮದಂಥ ಬಿಳಿ ಮುಖ, ನೆಲ ಮುಟ್ಟುವ ಕೂದಲು. ಮಿಯೂಕಿ ಹೇಳಿದ್ಳು." ಹಿಂದಿನ ಸೀಟಿನಿಂದ ರೋಶನ್ ಶುರು ಮಾಡಿದ.

ನನ್ನ ಹೊಟ್ಟೆ ಉರಿಯಿತು. ಎರಡು ವರ್ಷದಿಂದ ಡ್ರೈವರ್ ಜಲೀಲಾಕನ ಕಾರಿನಲ್ಲಿ ದೋಹಾದ ಅಲ್ ಮುಂತಜಾದಿಂದ ಒಟ್ಟಿಗೇ ಆಫೀಸಿಗೆ ಹೋಗುತ್ತಿದ್ದೇವೆ. ಹೆಂಗಸೆಂದು ನನಗೆ ಮುಂದಿನ ಸೀಟು, ಅವನಿಗೆ ಹಿಂದಿನದು. ಮನಸ್ಸಿನಲ್ಲಿದ್ದದ್ದನ್ನು ಹೇಳಲು ನಾನು ಒಮ್ಮೆಯೂ ಹಿಂದೆ ತಿರುಗಿರಲಿಲ್ಲ. ಈಗ ಒಂದು ತಿಂಗಳಿಂದ ಅವನ ಬಾಯಲ್ಲಿ ಬರೀ ಮಿಯೂಕಿ. ಜಪಾನಿ ಚೆಲುವಿನ ಪ್ರದರ್ಶನವೊಂದಕ್ಕೆ ಅವಳು ಮುಖ್ಯಸ್ಥೆ, ಇವನದು ಲೈಟಿಂಗ್.

"ಹಲ್ಲನ್ನೂ ಕಪ್ಪು ಮಾಡಿಕೊಳ್ತಿದ್ರಂತೆ, ಗೊತ್ತುಂಟಾ?"

"ಹಾಗಾದ್ರೆ ಎಲೆಯಡಿಕೆ ತಿನ್ನುವ ನನ್ನಜ್ಜಿಯನ್ನೇ ಕರೆಸು. ಗ್ಲಾಸಿನ ಪೆಟ್ಟಿಗೆಯಲ್ಲಿ ಕೂರಿಸ್ಲಿ ಅವಳು."

ಜಲೀಲಾಕ ನಕ್ಕರು. ರೋಶನ್ ನಗಲಿಲ್ಲ. "ಗುರುವಾರ ಓಪನಿಂಗ್. ನೀನು ಬರ್ಲೇಬೇಕು, ಮೋಕ್ಷಾ."

ಅವಳನ್ನು ತೋರಿಸಲಿಕ್ಕೇ ಇರಬೇಕು. ನಾನೇನು ಕಡಿಮೆ ಎಂದು ಜಪಾನಿ ಬಿಳುಪು ಕ್ರೀಮ್ ಕೊಂಡೆ. ಅಲ್ಲಿಯ ಅರಮನೆಯ ಹೆಂಗಸರು ಅಕ್ಕಿ ತೊಳೆದ ನೀರಿನಲ್ಲಿ ಕೂದಲು ತೊಳೆಯುತ್ತಿದ್ದರೆಂದು ಯಾವುದೋ ರೀಲ್ ಹೇಳಿತು. ನಮ್ಮಲ್ಲಿದ್ದದ್ದು ಊರಿನ ಕುಚ್ಚಲಕ್ಕಿ. ಅದರ ಕೆಂಪು ನೀರನ್ನೇ ಎರಡು ದಿನ ಹುಳಿ ಬರಿಸಿ ತಲೆಗೆ ಸುರಿದುಕೊಂಡೆ. ರೂಮ್‌ಮೇಟ್ ಮಟಿಲ್ಡಾ ಮೂಗು ಮುಚ್ಚಿಕೊಂಡಳು. "ಇದನ್ನು ನಾವು ದನಕ್ಕೆ ಕೊಡುವುದು, ಮಾರಾಯ್ತಿ!"

ಗುರುವಾರ ಸಂಜೆ ಬಿಳಿ ಮುಖ, ಬಿಚ್ಚಿದ ಕೂದಲು, ಹುಳಿಗಂಜಿಯ ವಾಸನೆಯೊಂದಿಗೆ ಹೋದೆ. ಮಿಯೂಕಿ ಚಂದವೇ ಇದ್ದಳು, ನನ್ನ ಕರ್ಮ. ಗಂಡುಹುಡುಗರ ಹಾಗೆ ಕತ್ತರಿಸಿದ ಕೂದಲು, ದೋಹಾದ ಬಿಸಿಲಿಗೆ ಕಂದಿದ ಮೂಗು.

ನನ್ನನ್ನು ನೋಡಿ ಇಂಗ್ಲಿಷಿನಲ್ಲಿ, "ರೋಶನ್, ಇವಳೇನಾ? ಕತ್ತೇ ಕಾಣುತ್ತಿಲ್ಲವಲ್ಲ!" ಎಂದಳು.

ನಮ್ಮಿಬ್ಬರನ್ನೂ ಕೊನೆಯ ಕೋಣೆಗೆ ಕರೆದೊಯ್ದಳು. ಅಲ್ಲಿ ಕೂದಲು ಮೇಲಕ್ಕೆ ಕಟ್ಟಿ, ಬೆನ್ನು ಮಾಡಿ ನಿಂತ ಕಿಮೋನೊದ ಗೊಂಬೆ. ಕತ್ತಿಗೆಲ್ಲ ಬಿಳಿ ಬಣ್ಣ, ಕೂದಲಿನಂಚಿನಲ್ಲಿ ಮಾತ್ರ ಬಣ್ಣ ಬಳಿಯದೆ ಬಿಟ್ಟ ಚರ್ಮ. ಬೆಳಕು ಬಿದ್ದದ್ದು ಅಲ್ಲಿಗೇ.

"ನಮ್ಮ ಹಿರಿಯರಿಗೆ ಎಲ್ಲಕ್ಕಿಂತ ಚೆಲುವೆಂದರೆ ಈ ಜಾಗ. ನಾವೀಗ ಕ್ರೀಮಿನ ಹಿಂದೆ ಬಿದ್ದಿದ್ದೇವೆ" ಎಂದು ಮಿಯೂಕಿ ನಕ್ಕಳು. "ಬೆಳಕು ಇಷ್ಟು ಸರಿಯಾಗಿ ಹೇಗೆ ಬಿಟ್ಟೆ ಎಂದು ಇವನನ್ನು ಕೇಳಿದೆ. ದಿನಾ ಬೆಳಿಗ್ಗೆ ಕಾರಿನಲ್ಲಿ ಕಲಿತೆ ಎಂದ."

ಅವಳು ಹೋದಳು. ರೋಶನ್ ನೆಲ ನೋಡುತ್ತಿದ್ದ.

"ಎರಡು ವರ್ಷದಿಂದ ನಾನು ನೋಡಿದ್ದು ನಿನ್ನ ಕತ್ತನ್ನೇ. ಪ್ರೀತಿ ಆದದ್ದೂ ಅಲ್ಲಿಂದಲೇ. ನೀನು ತಿರುಗದೆ ಹೇಗೆ ಹೇಳುವುದು?"

"ಮತ್ತೆ ಮಿಯೂಕಿ, ಮಿಯೂಕಿ ಅಂತ ಜಪ ಎಂತಕ್ಕೆ?"

"ಆ ಹೆಸರು ಹೇಳಿದ ಕೂಡ್ಲೇ ನಿನ್ನ ಕತ್ತು ನೆಟ್ಟಗಾಗ್ತದೆ. ನಿನಗೂ ಮನಸ್ಸುಂಟು ಅಂತ ಗೊತ್ತಾದದ್ದೇ ಹಾಗೆ."

ಕಳ್ಳ! ಅವನ ಜೇಬಿನ ಪೆನ್ನು ಕಿತ್ತು, ಕೂದಲನ್ನು ಮೇಲಕ್ಕೆ ಸುತ್ತಿ ಅದನ್ನೇ ಸಿಕ್ಕಿಸಿದೆ. "ಮೊದಲು ಆ ಗೊಂಬೆಯ ಲೈಟ್ ಆರಿಸು. ಅದು ನನ್ನದು."

ಶುಕ್ರ, ಶನಿಯ ರಜೆ ಮುಗಿದು ಭಾನುವಾರ ಬೆಳಿಗ್ಗೆ ತುರುಬು ಕಟ್ಟಿ ಮುಂದಿನ ಸೀಟಿನಲ್ಲೇ ಕುಳಿತೆ. ತಿರುಗಲಿಲ್ಲ. ಜಲೀಲಾಕನಿಗೆ ಕಾಣದಂತೆ ಸೀಟು, ಬಾಗಿಲ ನಡುವಿನ ಸಂದಿಯಿಂದ ಹಿಂದಕ್ಕೆ ಕೈ ಚಾಚಿದೆ. ರೋಶನ್ ಹಿಡಿದುಕೊಂಡ.