ವರಾಂಡದ ಸ್ಪ್ಯಾನಿಷ್ ಪಾಠ

"ಮದುವೆ ಆಗೋ ತನಕ ತಾನೇ ನಿಮ್ಮ ಕೆಲಸ? ಅಷ್ಟಕ್ಕೆ ಈ ಭಾಷೆ ಬೇರೆ ಯಾಕೆ?"

ಜಯನಗರದ ಚಕ್ರಪಾಣಿಯವರ ಮನೆಯ ವರಾಂಡದಲ್ಲಿ, ಮೊದಲ ಪಾಠದ ಸಂಜೆಯೇ ಕೊಟ್ರಪ್ಪ ಹೀಗೆ ಕೇಳಿಬಿಟ್ಟ.

ಗಿರಿಜಾದೇವಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎಣ್ಣೆ ಇಳಿಯುವ ಕ್ರಾಪು, ಮುದುರಿದ ಕಾಲರು, ಮುಖದ ತುಂಬ ಹಲ್ಲು. ಇಂಥವನಿಗೆ ಉತ್ತರ ಕೊಡುವುದೂ ದಂಡ ಎನಿಸಿತು.

"ನಿಮಗೆ ಕನ್ನಡದಲ್ಲೇ ಮಾತಾಡೋಕೆ ಬರಲ್ಲ. ಮೊದಲು ಅದನ್ನ ಕಲೀರಿ," ಎಂದು ಮುಖ ತಿರುಗಿಸಿದಳು.

ಅದು ಅರವತ್ತಮೂರನೇ ಇಸವಿ. ವಿಲ್ಸನ್ ಗಾರ್ಡನ್ನಿನ ರೇಷ್ಮೆ ರಫ್ತು ಕಂಪನಿಯೊಂದರಲ್ಲಿ ಇಬ್ಬರೂ ಲೆಕ್ಕದ ಗುಮಾಸ್ತರು. ಕಂಪನಿಗೆ ಅರ್ಜೆಂಟೀನಾದ ವ್ಯಾಪಾರಿ ಸಿಕ್ಕಿದ್ದ. ಅವನ ಭಾಷೆಯಲ್ಲಿ ಲೆಕ್ಕ ಹೇಳಬಲ್ಲ ಒಬ್ಬರಿಗೆ ಬಡ್ತಿ ಎಂದು ಯಜಮಾನರು ಹೇಳಿದ್ದರು. ಚಕ್ರಪಾಣಿಯವರು ಮನಿಲಾದ ಸ್ಪ್ಯಾನಿಷ್ ಕಂಪನಿಯಲ್ಲಿ ಲೆಕ್ಕ ಬರೆದು ನಿವೃತ್ತರಾಗಿದ್ದವರು; ಇಬ್ಬರಿಗೂ ಸ್ಪ್ಯಾನಿಷ್ ಕಲಿಸಲು ಒಪ್ಪಿದ್ದರು.

ಗಿರಿಜೆಗೆ ಆ ಬಡ್ತಿ ಬೇಕೇ ಬೇಕಿತ್ತು. ಸಿಗದಿದ್ದರೆ ಕೆಲಸ ಬಿಡಬೇಕು, ಚಿಕ್ಕಪೇಟೆಯ ಸಂಬಂಧಕ್ಕೆ ಒಪ್ಪಬೇಕು ಎಂದು ಅಪ್ಪ ಗುರುಬಸಪ್ಪ ಖಡಾಖಂಡಿತವಾಗಿ ಹೇಳಿದ್ದರು.

ಪಾಠ ಸಾಗಿತು. ಗನಾನ್ಸಿಯ ಎಂದರೆ ಲಾಭ. ಬಾಕಿ ಉಳಿಸಿಕೊಂಡವನು ದೆವ್ದೋರ್, ಆ ಬಾಕಿ ಯಾರಿಗೆ ಬರಬೇಕೋ ಅವನು ಅಕ್ರೆಯೆದೋರ್. ಕೊಟ್ರಪ್ಪ ಇದನ್ನೆಲ್ಲ ಸೊಪ್ಪು ಮಾರುವವನ ಹಾಗೆ ಕೂಗಿ ಕೂಗಿ ಬಾಯಿಪಾಠ ಮಾಡುತ್ತಿದ್ದ. ಗಿರಿಜೆ ತುಟಿ ಕೊಂಕಿಸುತ್ತಿದ್ದಳು. ನಿಮ್ಮ ಉಚ್ಚಾರಣೆ ಬಹಳ ಚೆನ್ನಾಗಿದೆ ಎಂದು ಅವನು ಒಮ್ಮೆ ಹೇಳಿದಾಗ, 'ಬೆಣ್ಣೆ ಹಚ್ಚೋದೂ ಬರಲ್ಲ ಇವನಿಗೆ' ಎಂದುಕೊಂಡು ಸ್ಟೂಲನ್ನು ಅತ್ತ ಎಳೆದುಕೊಂಡಳು.

ಅರ್ಜೆಂಟೀನಾದ ಪ್ರತಿನಿಧಿ ಬಂದೇಬಿಟ್ಟ. ಯಜಮಾನರ ಕೋಣೆಯಲ್ಲಿ ಗಿರಿಜೆ ಎದ್ದು ನಿಂತು, ಮೊದಮೊದಲು ನೀರು ಕುಡಿದಷ್ಟು ಸುಲಭವಾಗಿ ಲೆಕ್ಕ ಒಪ್ಪಿಸಿದಳು. ಬಾಕಿಯ ಮಾತು ಬಂದಾಗ ನಾಲಿಗೆ ತಪ್ಪಿತು... ಬಾಕಿ ಕೊಡಬೇಕಾದ ಅತಿಥಿಯನ್ನೇ ಅಕ್ರೆಯೆದೋರ್ ಎಂದುಬಿಟ್ಟಳು.

ಅತಿಥಿಯ ಹುಬ್ಬು ಮೇಲೇರಿತು. ಗಿರಿಜೆ ಕೈಯಲ್ಲಿದ್ದ ಲೆಕ್ಕದ ಹಾಳೆಯಲ್ಲಿ ಸರಿಯಾದ ಪದ ಹುಡುಕತೊಡಗಿದಳು.

ಆಗ ಅಲ್ಲೇ ತನ್ನ ಸರದಿಗೆ ಕಾಯುತ್ತ ಕೂತಿದ್ದ ಕೊಟ್ರಪ್ಪ ಎದ್ದು, ನಷ್ಟಕ್ಕೆ ಗನಾನ್ಸಿಯ ಅಂತಾರಲ್ವಾ ಎಂದು ಅತಿಥಿಯನ್ನೇ ಜೋರಾಗಿ ಕೇಳಿದ. ಅತಿಥಿ ಹೊಟ್ಟೆ ಹಿಡಿದು ನಕ್ಕ. ಯಜಮಾನರು ಸಿಡುಕಿ ಅವನನ್ನು ಹೊರಗೆ ಕಳಿಸಿದರು. ಆ ಗದ್ದಲದಲ್ಲಿ ಗಿರಿಜೆ ಸುಧಾರಿಸಿಕೊಂಡು, ತಪ್ಪು ತಿದ್ದಿ, ಕೊನೆಯವರೆಗೂ ತಡವರಿಸದೆ ಹೇಳಿದಳು.

ಬಡ್ತಿ ಅವಳಿಗೇ ಸಿಕ್ಕಿತು.

ಸಂಜೆ ಚಕ್ರಪಾಣಿಯವರಿಗೆ ಸಿಹಿ ಕೊಡುತ್ತ, ಆ ಪೆದ್ದ ನಷ್ಟಕ್ಕೆ ಗನಾನ್ಸಿಯ ಎನ್ನುತ್ತ ನಡುವೆ ಬಾಯಿ ಹಾಕಿ ತನ್ನ ಕೆಲಸ ಕೆಡಿಸಲು ನೋಡಿದ ಎಂದು ದೂರಿದಳು.

ಮೇಷ್ಟ್ರು ಸಿಹಿ ಕೆಳಗಿಟ್ಟರು. "ಗನಾನ್ಸಿಯ ಅವನಿಗೆ ತಪ್ಪೋ ಮಾತಲ್ಲಮ್ಮ. ಯಾವಾಗ ಕೇಳಿದ?"

"ನಾನು ತಪ್ಪು ಹೇಳಿದ ತಕ್ಷಣ..." ಎಂದವಳು ಅಲ್ಲೇ ನಿಂತಳು.

ತನ್ನ ಮಾತೇ ತನ್ನ ಕಿವಿಗೆ ಬಿದ್ದಿತ್ತು.

ಬಸ್ ಸ್ಟಾಪಿನಲ್ಲಿ ಕೊಟ್ರಪ್ಪ ಹನುಮಂತನಗರದ ಬಸ್ಸಿಗೆ ಕಾಯುತ್ತಿದ್ದ. ಅವಳು ಓಡುತ್ತಲೇ ಬಂದಳು. ಕೃತಜ್ಞತೆಗಿಂತ ಮೊದಲು ಸಿಟ್ಟೇ ಹೊರಬಿತ್ತು.

"ನಿಮ್ಮ ದಯೆ ಯಾರಿಗೆ ಬೇಕಿತ್ತು? ನನ್ನ ತಪ್ಪು ನಾನು ತಿದ್ಕೊಳ್ತಿರ್ಲಿಲ್ವಾ?"

"ತಿದ್ಕೊಂಡಿದ್ದು ನೀವೇ ಅಲ್ವಾ. ನಾನು ಅವರನ್ನ ನಗಿಸಿದೆ, ಅಷ್ಟೆ."

"ಯಾಕೆ?"

ಅವನು ಚಪ್ಪಲಿ ನೋಡಿಕೊಂಡ. "ನೀವು ಸೋತು ಆ ಕುರ್ಚಿ ನನಗೆ ಸಿಕ್ಕಿದ್ರೆ, ದಿನಾ ಅದರ ಮೇಲೆ ಕೂತು ನಿಮ್ಮನ್ನ ನೆನೆಸ್ಕೋಬೇಕಾಗ್ತಿತ್ತು. ಚಿಕ್ಕಪೇಟೆ ಸಂಬಂಧದ ವಿಷಯ ಆಫೀಸಿಗೆಲ್ಲ ಗೊತ್ತು. ಮೊದಲನೇ ದಿನ ಅದನ್ನೇ ಕೇಳಬೇಕು ಅಂತಿದ್ದೆ... ಸೊಟ್ಟಗೆ ಬಂತು."

ಇಷ್ಟು ದಿನ ತಾನು ತುಟಿ ಕೊಂಕಿಸಿದ್ದು ಇಂಥವನಿಗೆ. ಗಿರಿಜೆಯ ಕಣ್ಣು ತುಂಬಿತು. ಬಸ್ಸು ಬಂತು, ಅವನು ಹತ್ತಲಿಲ್ಲ.

"ಭಾನುವಾರ ನಮ್ಮನೆಗೆ ಬನ್ನಿ," ಎಂದಳು ಮೆಲ್ಲಗೆ. "ಅಪ್ಪನ ಹತ್ರ ನಮ್ಮಿಬ್ಬರ ವಿಷಯ ಮಾತಾಡಿ."

"ಅವರು ಆಗಲ್ಲ ಅಂದ್ರೆ?"

"ಒಪ್ಪೋವರೆಗೂ ಪ್ರತಿ ಭಾನುವಾರ ಬನ್ನಿ."

"ನೀವು?"

"ನಾನು ಪಕ್ಕದಲ್ಲೇ ನಿಂತಿರ್ತೀನಿ."