ಅಜ್ಜನ ಬಲ ಮಂಡಿ

ಆ ಬೆಳಿಗ್ಗೆ ಓಟದ ಮೈದಾನವನ್ನು ಮಂಜು ನುಂಗಿಬಿಟ್ಟಿತ್ತು. ಪ್ರಯೋಗಾಲಯದ ಸಹಾಯಕ ಬಾಗಿಲು ತೆರೆದು, ಎಂದಿನಂತೆ ಮೂಲೆಯ ಅಸ್ಥಿಪಂಜರಕ್ಕೆ ಕೈಮುಗಿದ. ಸತ್ತ ಮೇಲೂ ಪಾಠ ಹೇಳಲೆಂದು ದೇಹ ಕೊಟ್ಟುಹೋದ ಆ ಪುಣ್ಯಾತ್ಮನನ್ನು ವ್ಯಾಯಾಮ ವಿಜ್ಞಾನ ಓದುವ ಮಕ್ಕಳೆಲ್ಲ ಅಜ್ಜ ಎಂದೇ ಕರೆಯುತ್ತಿದ್ದರು. ಮುಗಿದ ಕೈ ಹಾಗೇ ನಿಂತಿತು. ಅಜ್ಜನ ಬಲ ಮಂಡಿಚಿಪ್ಪು ಇರಲಿಲ್ಲ.

ಹುಡುಕಿದಾಗ ಮಂಡಿಚಿಪ್ಪೊಂದು ಸಿಕ್ಕಿದ್ದು, ಸಂಜೆಯ ಓದಿಗೆಂದು ಪ್ರಯೋಗಾಲಯದ ಇನ್ನೊಂದು ಬೀಗದಕೈಯ ಹೊಣೆ ಹೊತ್ತಿದ್ದ ಕೊನೆಯ ವರ್ಷದ ಹುಡುಗಿಯ ಚೀಲದಲ್ಲಿ. ಆಹಾರಶಾಸ್ತ್ರ ಕಲಿಸುವ ಮುಖ್ಯಸ್ಥರು ಬೀಗದಕೈ ಕಸಿದುಕೊಂಡರು.

"ಬೇಲೀನೇ ಹೊಲ ಮೇಯ್ತಲ್ಲಮ್ಮ. ನಾಳೆ ಪರೀಕ್ಷೆಗೆ ಬರ್ಬೇಡ."

ಸಹಾಯಕ ಅಂಗರಚನೆಯ ಮೇಡಂ ಬಳಿಗೆ ಓಡಿದ. ಕಾಲೇಜಿನಲ್ಲಿ ಏನು ಕಳೆದರೂ ಹುಡುಕಿಕೊಡುವವರು ಅವರೇ.

"ಅಜ್ಜನ ಕಾಲು ಮುಟ್ಟದೆ ಪುಸ್ತಕ ತೆರೆಯೋಳಲ್ಲ ಅವಳು."

"ಭಕ್ತಿ ಸಾಕ್ಷಿ ಹೇಳಲ್ಲಪ್ಪ. ಮೂಳೆ ಹೇಳುತ್ತೆ. ನಿನ್ನೆ ಸಂಜೆ ಯಾರಿದ್ರು?"

"ಅವಳು, ಅವಳ ಗೆಳತಿ, ನಮ್ಮ ಓಟಗಾರ. ಬಿಡಿ ಮೂಳೆಗಳ ಡಬ್ಬಿ ಇಟ್ಕೊಂಡು ಓದ್ತಿದ್ರು. ಪಾಪ, ಅವನಿಗೆ ಮಂಡಿ ಮುರಿದು ಮಂಡಿ ಪಾಠಾನೇ ತಪ್ಪಿತ್ತಲ್ಲ."

ಮೇಡಂ ಚೀಲದ ಮೂಳೆಯ ಚೂಪು ತುದಿಯನ್ನು ಮುಂದಕ್ಕೆ ಮಾಡಿ ಮೇಜಿನ ಮೇಲಿಟ್ಟರು. ಅದು ಎಡಕ್ಕೆ ವಾಲಿತು. ಆಮೇಲೆ ಮೂವರನ್ನೂ ಒಬ್ಬೊಬ್ಬರಾಗಿ ಕರೆದು, ಡಬ್ಬಿಯ ಇನ್ನೊಂದು ಮಂಡಿಚಿಪ್ಪು ಕೊಟ್ಟು, ಯಾವ ಕಾಲಿನದೆಂದು ಕೇಳಿದರು. ಹುಡುಗಿಯರಿಬ್ಬರೂ ಮೇಜಿನ ಮೇಲಿಟ್ಟು ನೋಡಿ ಹೇಳಿದರು. ಓಟಗಾರ ಅಂಗೈಯಲ್ಲೇ ತಿರುವಿ ತಿರುವಿ ಬಾಯಿಗೆ ಬಂದದ್ದು ಹೇಳಿದ.

ಕೊನೆಗೆ ಎಲ್ಲರನ್ನೂ ಅಜ್ಜನ ಮುಂದೆ ಸೇರಿಸಿದರು.

"ಮಂಡಿಚಿಪ್ಪು ತಾನು ಯಾವ ಕಾಲಿಂದೋ ಆ ಕಡೆಗೇ ವಾಲುತ್ತೆ. ಚೀಲದಲ್ಲಿ ಸಿಕ್ಕಿದ್ದು ಎಡಗಾಲಿಂದು. ಅಜ್ಜನ ಎಡ ಮಂಡಿ ಅಲ್ಲೇ ಇದೆ, ನೋಡಿ. ಅಂದ್ಮೇಲೆ ಇದು ಅಜ್ಜಂದಲ್ಲ, ಡಬ್ಬಿದು. ಅಜ್ಜಂದೇ ಅಂತ ನಂಬಿಸೋಕೆ ಯಾರೋ ಹಾಕಿದಾರೆ, ಎಡ ಬಲ ತಿಳೀದೆ. ಮಂಡಿ ಪಾಠಕ್ಕೆ ಬಂದೋರು ಯಾರೂ ಹೀಗೆ ತಪ್ಪು ಮಾಡಲ್ಲ."

ಓಟಗಾರ ತಲೆ ತಗ್ಗಿಸಿ ಜೇಬಿನಿಂದ ಕರವಸ್ತ್ರದ ಗಂಟು ತೆಗೆದ. ಒಳಗೆ ಒಡೆದ ಎರಡು ಚೂರು.

"ಓದೋಕೆ ಬಿಚ್ಚಿದೆ. ಕೈ ಜಾರ್ತು. ಹೆದರಿಬಿಟ್ಟೆ. ಅವಳ ಚೀಲ ಬಾಯಿ ತೆರೆದಿತ್ತು."

"ಕೇಳಿದ್ರೆ ನಾನೇ ಹೇಳಿಕೊಡ್ತಿರ್ಲಿಲ್ವೇನೋ?" ಎಂದಳು ಹುಡುಗಿ. ಅವಳ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

ಅವನು ಚೂರುಗಳನ್ನು ಅಜ್ಜನ ಪಾದದ ಬಳಿ ಇಟ್ಟ. ಸಹಾಯಕ ಮುಖ್ಯಸ್ಥರನ್ನು ನೋಡಿದ. ಅವರು ಹುಡುಗಿಯ ಬಳಿಗೆ ನಡೆದು ಹೋಗಿ, ಬೀಗದಕೈಯನ್ನು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮೆಲ್ಲಗೆ ಮಡಿಸಿದರು.