ಮೀಟರಿನ ಮುಳ್ಳು ಇಳಿದಾಗ

"ಇಲ್ಲಿ ಹೇಳೋರು ಕೇಳೋರು ಯಾರಾದ್ರೂ ಇದೀರಾ?!"

ಆಸ್ಪತ್ರೆಯ ಹಿಂಬದಿಯ ಯಂತ್ರದ ಕೋಣೆಗೆ ಏದುಸಿರು ಬಿಡುತ್ತಾ ನುಗ್ಗಿದ ಡಾಕ್ಟರಮ್ಮನಿಗೆ ಮೊದಲು ಕಂಡಿದ್ದು ಎರಡು ಕಾಲು. ಉಳಿದ ಮನುಷ್ಯ ಆಕ್ಸಿಜನ್ ಪೈಪುಗಳ ಅಡಿಯಲ್ಲಿದ್ದ.

"ವಾರ್ಡಲ್ಲಿ ಅಲಾರಂ ಬಡ್ಕೋತಿದೆ! ನರ್ಸ್‌ಗಳು ಸಣ್ಣ ಸಿಲಿಂಡರ್ ಹಿಡ್ಕೊಂಡು ಓಡಾಡ್ತಿದಾರೆ! ನೀವಿಲ್ಲಿ ಆರಾಮಾಗಿ ಮಲಗಿದೀರಾ?"

"ಬೈಯೋದಿದ್ರೆ ಬೈಯಿರಿ ಡಾಕ್ಟ್ರೇ. ಬೈತಾ ಬೈತಾ ಆ ಸ್ಪ್ಯಾನರ್ ಕೊಡಿ!"

ಕೊಟ್ಟಳು. ಕಚ್ಚಿಕೊಂಡಿದ್ದ ವಾಲ್ವ್ ತಿರುಗಿತು, ಪೈಪಿನೊಳಗೆ ಗಾಳಿ ಸುಯ್ ಎಂದಿತು, ಮೇಲಿನ ಅಲಾರಂ ಬಾಯಿ ಮುಚ್ಚಿತು. ಹೊರಗೆ ತೆವಳಿ ಬಂದ ಎಂಜಿನಿಯರನ ತಲೆ ತುಂಬ ಧೂಳು, ಕಣ್ಣಲ್ಲಿ ಅವಳಷ್ಟೇ ನಿದ್ದೆ. ಇಬ್ಬರೂ ಅಲ್ಲೇ ಇದ್ದ ಮರದ ಪೆಟ್ಟಿಗೆಯ ಮೇಲೆ ದೊಪ್ಪನೆ ಕೂತರು. ಅವನು ಆಕಳಿಸಿದ. ಅವಳೂ ಆಕಳಿಸಿದಳು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಪ್ರೀತಿ ಅಂದರೆ ಹೂವು, ಚಂದ್ರ ಅಂತೆಲ್ಲ ಅಂದುಕೊಂಡಿದ್ದರೆ ಕ್ಷಮಿಸಿಬಿಡಿ. ಇವರದ್ದು ಆಕಳಿಕೆಯಿಂದ ಶುರುವಾಯಿತು!

ಅಂದಿನಿಂದ ಡ್ಯೂಟಿ ಮುಗಿದ ಮೇಲೆ ಅವಳ ಕಾಲು ತಾನಾಗಿಯೇ ಆ ಪೆಟ್ಟಿಗೆಯ ಕಡೆ ತಿರುಗುತ್ತಿತ್ತು. ಹೆಚ್ಚು ಮಾತೇನಿಲ್ಲ. ಅವನು ಗೋಡೆಯ ಮೇಲಿನ ಮೀಟರ್ ನೋಡುತ್ತಿದ್ದ, ಅವಳು ಊದಿಕೊಂಡ ಪಾದ ಚಾಚಿ ಕೂರುತ್ತಿದ್ದಳು. 'ಸುಮ್ಮನೆ ಕೂರೋಕೆ ಒಬ್ಬರು ಸಿಕ್ಕರಲ್ಲ... ಅಷ್ಟೇ ಸಾಕು' ಅಂದುಕೊಳ್ಳುತ್ತಿದ್ದಳು. ಸಾಕೇನು ಮಣ್ಣು! ಅವನು ರಜೆ ಹಾಕಿದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಅವಳೇ ಕೇಳಿದಳು.

"ನನ್ನ ತಂಗಿಗೆ ಮೆಡಿಕಲ್, ಎಂಜಿನಿಯರಿಂಗ್ ಎರಡರಲ್ಲೂ ಸೀಟು ಸಿಕ್ಕಿದೆ. ಈ ವಾರದೊಳಗೆ ಒಂದನ್ನ ಆರಿಸ್ಕೋಬೇಕು. ಅವಳು ನನ್ನ ಥರ ಆಗೋದು ಬೇಡ... ನಿಂತ ನಿಂತಲ್ಲೇ ತೂಕಡಿಸೋ ಬಾಳು ನಂಗೊಬ್ಬಳಿಗೇ ಸಾಕು. ಎಂಜಿನಿಯರಿಂಗ್ ಸೇರು ಅಂತ ನೀವೊಂದು ಮಾತು ಹೇಳ್ತೀರಾ?"

"ಕಳಿಸಿ. ಮಾತಾಡ್ತೀನಿ" ಎಂದ.

ಮನೆಯಲ್ಲಿ ಎಲ್ಲರೂ ಚಿನಕುರುಳಿ ಅಂತ ಕರೆಯುವ ತಂಗಿ ಹೋಗಿ ಬಂದಳು. ಚಪ್ಪಲಿ ಬಿಡುವ ಮೊದಲೇ ಸಿಡಿದಳು.

"ಅಕ್ಕಾ! ಅವರು ಮೆಡಿಕಲ್ ಸೇರು ಅಂದ್ರು ಕಣೇ!"

ಅಕ್ಕ ಕೈಯಲ್ಲಿದ್ದ ಲೋಟ ಕುಕ್ಕಿದಳು. 'ಅಷ್ಟು ಕೇಳಿಕೊಂಡೆನಲ್ಲ! ದಿನಾ ಪಕ್ಕದಲ್ಲೇ ಕೂತವನಿಗೆ ನನ್ನ ದಣಿವು ಕಾಣಿಸಲೇ ಇಲ್ಲವಾ? ಕಂಡಿದ್ದು ಬರೀ ಬಿಳಿ ಕೋಟಾ?'

ಮರುದಿನದಿಂದ ಅವಳು ಆ ಕಡೆ ತಲೆ ಹಾಕಲಿಲ್ಲ. ಎದುರು ಸಿಕ್ಕರೆ ಬೇರೆ ಮೆಟ್ಟಿಲು ಹಿಡಿಯುತ್ತಿದ್ದಳು. ಸಿಟ್ಟು ಹೊರುವುದೂ ಒಂದು ಕೆಲಸವೇ ನೋಡಿ, ಮೊದಲೇ ಸೋತವಳು ಇನ್ನಷ್ಟು ಸೋತಳು. ಸೀಟು ಆರಿಸುವ ಕೊನೆಯ ದಿನ ಮಧ್ಯಾಹ್ನ ತಡೆಯಲಾಗದೆ ಯಂತ್ರದ ಕೋಣೆಗೆ ನುಗ್ಗಿದಳು.

"ಯಾಕೆ ಹಾಗೆ ಹೇಳಿದ್ರಿ? ನನ್ನ ಅವಸ್ಥೆ ನೋಡಿಯೂ...!"

ಅವನು ಮೀಟರ್ ತೋರಿಸಿದ. "ಮೇಲೆ ಎಷ್ಟು ಆಕ್ಸಿಜನ್ ಹೋಗ್ತಿದೆ ಅಂತ ಇದು ಹೇಳುತ್ತೆ. ಮುಳ್ಳು ಇಳಿದ್ರೆ, ವಾರ್ಡಲ್ಲಿ ಯಾರೋ ತಾವಾಗೇ ಉಸಿರಾಡ್ತಿದಾರೆ ಅಂತ. ನಿಮ್ಮ ತಂಗಿ ಬಂದ ದಿನ ಬೆಳಿಗ್ಗೆ ಇಳೀತು. ಮನಸ್ಸು ತಡೀಲಿಲ್ಲ, ಮೇಲೆ ಬಂದೆ. ಮೂಲೆ ಹಾಸಿಗೆಯ ಅಜ್ಜಿ ಮಾಸ್ಕ್ ತೆಗೆದು ನಿಮ್ಮ ಕೆನ್ನೆ ಹಿಂಡ್ತಿದ್ರು. ನೀವು ನಗ್ತಾ ಇದ್ರಿ... ಆ ನಗು ನೋಡಿದ ಮೇಲೆ, ಆ ಕೆಲಸ ಬೇಡ ಅನ್ನೋಕೆ ನಾಲಿಗೆ ಹೊರಳಲಿಲ್ಲ."

ಅವಳು ಮೀಟರಿನ ಕಡೆ ತಿರುಗಿ ನೋಡಿದಳು.

"ಯಂತ್ರ ಕೆಟ್ಟಾಗ ಮಾತ್ರ ನನ್ನ ಕೆಲಸ ಜನಕ್ಕೆ ನೆನಪಾಗುತ್ತೆ. ಅದನ್ನ ಸೇರು ಅಂತ ಯಾವ ಬಾಯಲ್ಲಿ ಹೇಳ್ಲಿ? ನಿಮ್ಮ ದಣಿವು ಕಂಡಿದೆ ಡಾಕ್ಟ್ರೇ. ಅದನ್ನ ರಿಪೇರಿ ಮಾಡೋಕೆ ನನಗೆ ಬರಲ್ಲ. ಪಕ್ಕದಲ್ಲಿ ಕೂತ್ಕೋಬಹುದು, ಅಷ್ಟೇ... ಜೀವನಪೂರ್ತಿ ಕೂತ್ಕೊಳ್ಳಲಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಾಳೆ!

"ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ನಿಮ್ಮಿಬ್ಬರನ್ನ ನೋಡೇ ಹೇಳಿರ್ಬೇಕು!" ಚಿನಕುರುಳಿ ಒಳಗೆ ಬಂದಳು. "ಇವಳು ನಿಮ್ಮ ಕೆಲಸ ಹೊಗಳ್ತಾಳೆ, ನೀವು ಇವಳ ಕೆಲಸ ಹೊಗಳ್ತೀರಿ. ನಿಂಗೇನು ಬೇಕೇ ಅಂತ ಒಬ್ಬರಾದ್ರೂ ಕೇಳಿದ್ರಾ?"

ಅಕ್ಕ ತಲೆ ತಗ್ಗಿಸಿದಳು. "...ಏನು ಬೇಕೇ ನಿಂಗೆ?"

"ಬೆಳಿಗ್ಗೆಯೇ ಎಂಜಿನಿಯರಿಂಗ್ ಆರಿಸಿಬಿಟ್ಟೆ. ನೀನು ಹೇಳಿದ್ದಕ್ಕಲ್ಲ! ಅವತ್ತು ಇವರು ಡಾಕ್ಟರ್ ಕೆಲಸ ಹೊಗಳ್ತಾ ಇದ್ರೆ ನನ್ನ ಕಣ್ಣೆಲ್ಲ ಈ ಮೀಟರಿನ ಮೇಲೇ ಇತ್ತು. ಇದು ಮೇಲಿನವರ ಉಸಿರನ್ನ ಹೇಗೆ ಲೆಕ್ಕ ಹಾಕುತ್ತೆ ಅಂತ ತಿಳ್ಕೊಳ್ಳೋವರೆಗೂ ನಂಗೆ ನಿದ್ದೆ ಬರಲ್ಲ." ಅವನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. "ಬರ್ತೀನಿ ಭಾವ!"

ಭಾವ! ಇಬ್ಬರ ಮುಖವೂ ಕೆಂಪಾಯಿತು. ತಂಗಿ ಓಡಿದ ಮೇಲೆ ಅಕ್ಕ ಮೆಲ್ಲಗೆ ಪೆಟ್ಟಿಗೆಯ ಮೇಲೆ ಕೂತಳು. ಪಕ್ಕದ ಜಾಗ ತಟ್ಟಿ ತೋರಿಸಿದಳು. ಅವನು ಬಂದು ಕೂತ.

"ಉತ್ತರ ಹೇಳಲಿಲ್ಲ ನೀವು..."

"ಜಾಗ ಕೊಟ್ಟೆನಲ್ಲ, ಇನ್ನೇನು ಬೇಕು?" ಅವಳ ತಲೆ ಅವನ ಭುಜಕ್ಕೆ ಒರಗಿತು. "ತುಂಬಾ ನಿದ್ದೆ ಬರ್ತಿದೆ ಕಣೋ..."

"ಮಲಗು. ಮುಳ್ಳು ಇಳಿದ್ರೆ ಎಬ್ಬಿಸ್ತೀನಿ."